ತಲೆಯ ಪೆಟ್ಟು: ಗುಣವಾಯಿತೆಂದರೆ ಎಷ್ಟು ಗುಣವಾಯಿತು?

‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು’ ಎಂಬುದು ನಮ್ಮ ಹಿರಿಯರ ನಾಣ್ಣುಡಿ. ದೊಡ್ಡ ಗಂಡಾಂತರವೊಂದು ಅಲ್ಪದರಲ್ಲಿ ಕಳೆದುಹೋದಾಗ ಆಡುವ ಸಮಾಧಾನದ ಮಾತು ಅದು. ಆದರೆ ಬಂದದ್ದು ಮುಂಡಾಸಿನಲ್ಲಿ ನಿಲ್ಲದೆ ತಲೆಗೇ ತಗುಲಿದರೆ ಗತಿಯೇನು? ರಸ್ತೆಯ ಅಪಘಾತದಲ್ಲಿ, ಕಿಕ್ಕಿರಿದ ರೈಲಿನ ಬಾಗಿಲಿನಿಂದ ಜಾರಿ, ಅಡುಗೆಮನೆಯ ಎಣ್ಣೆನೆಲದ ಮೇಲೆ ಕಾಲು ತಪ್ಪಿ, ತಲೆಗೆ ಬಲವಾದ ಪೆಟ್ಟು ತಿಂದು ಆಸ್ಪತ್ರೆ ಸೇರುವವರಲ್ಲಿ ದುಡಿಯುವ ವಯಸ್ಸಿನವರು ಅನೇಕರು. ಬದುಕಿ ಉಳಿದವರ ವಿಷಯದಲ್ಲಿ ಮನೆಯವರೂ ನೆರೆಯವರೂ ಕೇಳುವ ಪ್ರಶ್ನೆ ಒಂದೇ: ‘ಗುಣವಾಯಿತೆ?’

ಕಣ್ಣು ತೆರೆದುದನ್ನು ಕಂಡ ದಾದಿ ‘ಗುಣವಾಗುತ್ತಿದೆ’ ಎನ್ನುತ್ತಾಳೆ. ಎದ್ದು ನಡೆದುದನ್ನು ಕಂಡ ತಾಯಿ ‘ಗುಣವಾಯಿತು’ ಎಂದು ದೇವರಿಗೆ ಕೈ ಮುಗಿಯುತ್ತಾಳೆ. ಗಾಯ ಮಾಗಿದುದನ್ನು ನೋಡಿ ಶಸ್ತ್ರವೈದ್ಯರು ಮನೆಗೆ ಕಳುಹಿಸುತ್ತಾರೆ. ಎರಡು ತಿಂಗಳ ಬಳಿಕ ಕೆಲಸಕ್ಕೆ ಮರಳಿದವನು ನಾಲ್ಕು ಮೇಜುಗಳ ತಿಂಡಿಯ ಆರ್ಡರನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾರದೆ ತಬ್ಬಿಬ್ಬಾದಾಗ ಯಜಮಾನರು ‘ಇವನಿಗೆ ಮೈಗಳ್ಳತನ ಅಂಟಿದೆ’ ಎನ್ನುತ್ತಾರೆ. ನಾಲ್ವರೂ ಅಳೆದುದು ಒಬ್ಬನನ್ನೇ. ಅವರ ಅಳತೆಗೋಲು ಮಾತ್ರ ಬೇರೆ ಬೇರೆ. ತಲೆಗೆ ಪೆಟ್ಟಾದವನ ಚೇತರಿಕೆಯನ್ನು ಅವನು ಮೊದಲು ನಡೆಸುತ್ತಿದ್ದ ಬಾಳಿನ, ಮಾಡುತ್ತಿದ್ದ ಕೆಲಸದ ಎದುರಿಗಿಟ್ಟು ನೋಡದ ಹೊರತು ಅಳತೆ ಪೂರ್ಣವಾಗದೆಂಬುದನ್ನು ನಾವು ಇಲ್ಲಿ ವಿವರಿಸಬಯಸುತ್ತೇವೆ. ಊರು ಬಿಟ್ಟು ಬಂದು, ಮೈ ಮತ್ತು ಬುದ್ಧಿಗಳ ದುಡಿಮೆಯೊಂದನ್ನೇ ಬಂಡವಾಳವಾಗಿ ನಂಬಿರುವ ನಮ್ಮ ಓದುಗರಿಗೆ ಇದು ಅನ್ನದ ಪ್ರಶ್ನೆಯೂ ಹೌದು.

ಒಬ್ಬ ಮೇಸ್ತ್ರಿಯ ವೃತ್ತಾಂತ

1848ನೆಯ ಇಸವಿ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಎಂಬಲ್ಲಿ ರೈಲುದಾರಿಗಾಗಿ ಬಂಡೆ ಒಡೆಯುವ ಕೆಲಸ ನಡೆದಿತ್ತು. ಕೂಲಿಗಳ ಮೇಲ್ವಿಚಾರಣೆ ನೋಡುತ್ತಿದ್ದ ಮೇಸ್ತ್ರಿ 25 ವರ್ಷದ ಫಿನಿಯಾಸ್ ಗೇಜ್ ಎಂಬಾತ. ಬಂಡೆಯ ತೂತಿನಲ್ಲಿ ಜಡಿಯುತ್ತಿದ್ದ ಮದ್ದು ಹಠಾತ್ತಾಗಿ ಸಿಡಿದು, ಮೂರು ಅಡಿ ಏಳು ಅಂಗುಲ ಉದ್ದದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿದ್ದಿತು. ಮೆದುಳಿನ ಮುಂಭಾಗ ಜಖಂ ಆಯಿತು. ಎಡಗಣ್ಣಿನ ದೃಷ್ಟಿ ಹೋಯಿತು. ಆದರೂ ಅವನು ಕೆಲವೇ ನಿಮಿಷಗಳಲ್ಲಿ ಮಾತನಾಡಿದನು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ವಸತಿಗೆ ಬಂದನು. ಜಾನ್ ಹಾರ್ಲೋ ಎಂಬ ಹಳ್ಳಿಯ ವೈದ್ಯರ ಆರೈಕೆಯಿಂದ ಬದುಕಿ ಉಳಿದನು.

ಹಾರ್ವರ್ಡಿನ ಪ್ರಾಧ್ಯಾಪಕ ಹೆನ್ರಿ ಬಿಗೆಲೋ ಅವನನ್ನು ಪರೀಕ್ಷಿಸಿ, ದೇಹದ ಮತ್ತು ಮನಸ್ಸಿನ ಶಕ್ತಿಗಳೆರಡರಲ್ಲಿಯೂ ಚೇತರಿಸಿಕೊಂಡಿದ್ದಾನೆಂದು 1850ರಲ್ಲಿ ಬರೆದರು. ಆದರೆ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಗುತ್ತಿಗೆದಾರರ ಅಭಿಪ್ರಾಯವೇ ಬೇರೆ. ಪೆಟ್ಟಿಗೆ ಮೊದಲು ತಮ್ಮಲ್ಲಿದ್ದವರಲ್ಲೆಲ್ಲ ಸಮರ್ಥನೆಂದು ಅವರು ಎಣಿಸಿದ್ದ ಮೇಸ್ತ್ರಿ ಈಗ ಚಂಚಲಚಿತ್ತನೂ ಅಸಹನೆಯುಳ್ಳವನೂ ಆಗಿದ್ದನು. ಹತ್ತು ಯೋಜನೆ ಹೂಡಿ ಒಂದನ್ನೂ ನಡೆಸದವನಾಗಿದ್ದನು. ಅವನ ಹಳೆಯ ಸ್ಥಾನವನ್ನು ಅವರು ಮರಳಿ ಕೊಡಲಿಲ್ಲ. ಹಾರ್ಲೋ ಇದನ್ನೆಲ್ಲ 1868ರಲ್ಲಿ ವಿಸ್ತಾರವಾಗಿ ಬರೆದಿಟ್ಟರು. ಪ್ರಾಧ್ಯಾಪಕರು ಪರೀಕ್ಷೆಯ ಕೊಠಡಿಯಲ್ಲಿ ಕಂಡ ಮನುಷ್ಯನೂ ಗುತ್ತಿಗೆದಾರರು ಕೂಲಿಗಳ ನಡುವೆ ಕಂಡ ಮನುಷ್ಯನೂ ಒಬ್ಬನೇ. ಇಬ್ಬರು ಕೇಳಿದ ಪ್ರಶ್ನೆಗಳು ಬೇರೆ.

ವೃತ್ತಾಂತ ಅಲ್ಲಿಗೇ ಮುಗಿಯುವುದಿಲ್ಲ. ಗೇಜ್ 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಅಲ್ಲಿ ಹಲವು ವರ್ಷಗಳ ಕಾಲ ಕುದುರೆಗಳ ಪಾಲನೆ ಮಾಡುತ್ತಾ, ಆರು ಕುದುರೆಗಳ ಪ್ರಯಾಣಿಕರ ಗಾಡಿಯನ್ನು ಓಡಿಸಿದನು. ದಿನವೂ ಅದೇ ಹೊತ್ತಿಗೆ ಏಳುವುದು, ಕುದುರೆಗಳನ್ನು ಸಜ್ಜುಗೊಳಿಸುವುದು, ಅದೇ ದಾರಿಯಲ್ಲಿ ಸಾಗುವುದು: ಇಂತಹ ಕ್ರಮಬದ್ಧ ಕೆಲಸವೇ ಅವನನ್ನು ಮತ್ತೆ ನೆಲೆಗೆ ತಂದಿತೆಂದು ಈಚಿನ ಚರಿತ್ರಕಾರರು ತರ್ಕಿಸಿದ್ದಾರೆ. 1860ರಲ್ಲಿ ಅಪಸ್ಮಾರದ ಆಘಾತಗಳಿಂದ ಅವನು ತೀರಿಕೊಂಡನು. ಮೊದಲ ವರ್ಷದ ಅಳತೆಯಿಂದಲೇ ಅವನನ್ನು ಕೆಲಸಕ್ಕೆ ಬಾರದವನೆಂದು ತೀರ್ಮಾನಿಸಿದ್ದರೆ ಅದು ತಪ್ಪಾಗುತ್ತಿತ್ತು. ಪೂರ್ತಿ ಗುಣವಾದನೆಂದು ತೀರ್ಮಾನಿಸಿದುದೂ ತಪ್ಪೇ ಆಯಿತು.

ಗ್ಲಾಸ್ಗೋ ನಗರದ ಎರಡು ಅಳತೆಗಳು

ಈ ಗೊಂದಲವನ್ನು ಕಳೆದು ಒಂದು ಕ್ರಮವನ್ನು ತರುವ ಕಾರ್ಯ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆಯಿತು. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ಶಸ್ತ್ರವೈದ್ಯರು 1974ರಲ್ಲಿ ಪ್ರಜ್ಞೆಯ ಆಳವನ್ನು ಅಳೆಯುವ ಸರಳ ವಿಧಾನವೊಂದನ್ನು ಪ್ರಕಟಿಸಿದರು. ಅದುವರೆಗೆ ‘ಮಂಪರು’, ‘ಅರೆಪ್ರಜ್ಞೆ’, ‘ಗಾಢ ಮೂರ್ಛೆ’ ಎಂದು ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ ಬರೆಯುತ್ತಿದ್ದರು. ರಾತ್ರಿಯ ದಾದಿ ಬರೆದ ‘ಮಂಪರು’ ಬೆಳಗಿನ ವೈದ್ಯರಿಗೆ ಬೇರೆಯೇ ಅರ್ಥ ಕೊಡಬಹುದಾಗಿತ್ತು. ಗ್ಲಾಸ್ಗೋ ವಿಧಾನದಲ್ಲಿ ನೋಡಬೇಕಾದವು ಮೂರೇ: ಕಣ್ಣು ತೆರೆಯುವ ಬಗೆ, ಮಾತು, ಅಂಗಾಂಗಗಳ ಚಲನೆ. ಕಣ್ಣು ತಾನಾಗಿ ತೆರೆದರೆ 4, ಕರೆದಾಗ ತೆರೆದರೆ 3, ನೋವಾದಾಗ ಮಾತ್ರ ತೆರೆದರೆ 2, ತೆರೆಯದಿದ್ದರೆ 1. ಹೀಗೆಯೇ ಮಾತಿಗೆ 5ರವರೆಗೆ, ಚಲನೆಗೆ 6ರವರೆಗೆ ಅಂಕ. ಒಟ್ಟು 3ರಿಂದ 15. 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು, 9ರಿಂದ 12 ಮಧ್ಯಮ, 13ರಿಂದ 15 ಲಘು ಎಂದು ವಿಂಗಡಿಸುತ್ತಾರೆ.

ಈ ಅಂಕ ಜೀವ ಉಳಿಸುವ ಹೊತ್ತಿನ ಅಳತೆ ಎಂಬುದನ್ನು ಮರೆಯಬಾರದು. 15 ಅಂಕ ಬಂದಿತೆಂದರೆ ರೋಗಿ ತಾನಾಗಿ ಕಣ್ಣು ತೆರೆದಿದ್ದಾನೆ, ತಾನಾರು, ಎಲ್ಲಿದ್ದೇನೆ, ಯಾವ ಕಾಲ ಎಂಬುದನ್ನು ಬಲ್ಲ, ಹೇಳಿದಂತೆ ಕೈಯೆತ್ತಬಲ್ಲ, ಇಷ್ಟೇ ಅರ್ಥ. ಗಲ್ಲೆಯಲ್ಲಿ ಕುಳಿತು ಚಿಲ್ಲರೆ ಕೊಡಬಲ್ಲನೆಂದು ಅರ್ಥವಲ್ಲ. ‘ಹದಿನೈದಕ್ಕೆ ಹದಿನೈದು ಬಂದಿದೆ, ಇನ್ನೇನು?’ ಎಂದು ಹಿಗ್ಗುವ ಬಂಧುಗಳು ಇದನ್ನು ತಿಳಿದಿರಬೇಕು.

ಇದರ ಕೊರತೆಯನ್ನು ತುಂಬಲೆಂದೇ ಜೆನೆಟ್ ಅವರು ಮನೋವೈದ್ಯ ಮೈಕೇಲ್ ಬಾಂಡ್ ಅವರೊಡನೆ 1975ರಲ್ಲಿ ಎರಡನೆಯ ಅಳತೆಯನ್ನು ಮುಂದಿಟ್ಟರು. ಪೆಟ್ಟಾಗಿ ತಿಂಗಳುಗಳು ಕಳೆದ ಮೇಲೆ ಮನುಷ್ಯ ಎಲ್ಲಿಗೆ ಬಂದು ನಿಂತಿದ್ದಾನೆಂಬುದನ್ನು ಇದು ಹೇಳುತ್ತದೆ. ಇದರಲ್ಲಿ ಐದು ಮೆಟ್ಟಿಲು: ಮರಣ, ಅರಿವಿಲ್ಲದ ಜೀವಸ್ಥಿತಿ, ತೀವ್ರ ವೈಕಲ್ಯ, ಮಧ್ಯಮ ವೈಕಲ್ಯ, ಒಳ್ಳೆಯ ಚೇತರಿಕೆ. ಮುಂದೆ ಕೊನೆಯ ಮೂರನ್ನು ಎರಡೆರಡಾಗಿ ಒಡೆದು ಎಂಟು ಮೆಟ್ಟಿಲು ಮಾಡಿದರು. 1998ರಲ್ಲಿ, ಯಾರು ಅಳೆದರೂ ಒಂದೇ ಉತ್ತರ ಬರಲೆಂದು ಪ್ರಶ್ನಾವಳಿಯನ್ನೂ ನಿಗದಿಪಡಿಸಿದರು.

ಆ ಪ್ರಶ್ನೆಗಳು ನಮ್ಮ ನಿತ್ಯಜೀವನದವೇ. ಮನೆಯಲ್ಲಿ ದಿನವೂ ಇನ್ನೊಬ್ಬರ ಸಹಾಯ ಬೇಕೆ? ಎಂಟು ಗಂಟೆಗಳ ಕಾಲ ಒಬ್ಬನನ್ನೇ ಬಿಟ್ಟು ಹೋಗಬಹುದೆ? ಯಾರ ನೆರವೂ ಇಲ್ಲದೆ ಅಂಗಡಿಗೆ ಹೋಗಿ ಸಾಮಾನು ಕೊಂಡು ತರಬಲ್ಲನೆ? ಊರಿನೊಳಗೆ ಪ್ರಯಾಣ ಮಾಡಬಲ್ಲನೆ? ಹಿಂದಿನ ಸಾಮರ್ಥ್ಯದಿಂದ ಕೆಲಸ ಮಾಡಬಲ್ಲನೆ, ಇಲ್ಲವೆ ಕಡಿಮೆ ಪ್ರಮಾಣದಲ್ಲಿ ಮಾತ್ರವೆ? ಸ್ನೇಹಿತರೊಡನೆ ಬೆರೆಯುತ್ತಾನೆಯೆ? ಸಿಡುಕಿನಿಂದ ಸಂಸಾರದ ನೆಮ್ಮದಿ ಕೆಟ್ಟಿದೆಯೆ? ಪ್ರತಿಯೊಂದರ ಜೊತೆಗೂ ‘ಪೆಟ್ಟಿಗೆ ಮೊದಲು ಹೇಗಿತ್ತು?’ ಎಂಬ ಹೋಲಿಕೆ ಇದೆ. ಎಂದೂ ಸಂತೆಗೆ ಹೋಗದಿದ್ದವನು ಈಗಲೂ ಹೋಗದಿದ್ದರೆ ಅದು ಪೆಟ್ಟಿನ ಫಲವಲ್ಲ. ಗೇಜನ ಗುತ್ತಿಗೆದಾರರು ಅರಿಯದೆಯೇ ಹಿಡಿದಿದ್ದ ಅಳತೆಗೋಲು ಹೀಗೆ ಸುಮಾರು 130 ವರ್ಷಗಳ ಬಳಿಕ ವೈದ್ಯಶಾಸ್ತ್ರದೊಳಗೆ ಬಂದಿತೆನ್ನಬಹುದು.

ಮಿಂದು ಉಟ್ಟು ನಡೆದರೆ ಸಾಲದು

ಆಸ್ಪತ್ರೆಯ ಹಾಸಿಗೆಯಿಂದ ಮನೆಯ ಹೊಸ್ತಿಲವರೆಗಿನ ದಾರಿಯಲ್ಲಿ ಪುನಶ್ಚೇತನ ಚಿಕಿತ್ಸೆಯ ತಜ್ಞರು ಬಳಸುವ ಅಳತೆಗಳು ಬೇರೆ ಇವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ಥೆಲ್ ಎಂಬ ಇಬ್ಬರು ಮಹಿಳೆಯರು 1965ರಲ್ಲಿ ಪ್ರಕಟಿಸಿದ ಬಾರ್ಥೆಲ್ ಸೂಚಿ ಇವುಗಳಲ್ಲಿ ಪ್ರಸಿದ್ಧ. ಉಣ್ಣುವುದು, ಮೀಯುವುದು, ಉಡುವುದು, ಶೌಚ, ನಡಿಗೆ, ಮೆಟ್ಟಿಲು ಹತ್ತುವುದು ಮೊದಲಾದ ಹತ್ತು ಬಾಬುಗಳು; ಒಟ್ಟು 100 ಅಂಕ. ಇದನ್ನು ರಚಿಸಿದವರೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ನೂರಕ್ಕೆ ನೂರು ಪಡೆದವನು ಒಬ್ಬನೇ ವಾಸಿಸಬಲ್ಲನೆಂದು ತಿಳಿಯಬಾರದು. ಅಡುಗೆ ಮಾಡಲು, ಮನೆ ನಡೆಸಲು, ಜನರೊಡನೆ ವ್ಯವಹರಿಸಲು ಅವನಿಗೆ ಆಗದೆ ಇರಬಹುದು ಎಂಬುದೇ ಆ ಎಚ್ಚರಿಕೆ.

1980ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಫಲೋದಲ್ಲಿ ರೂಪುಗೊಂಡ ‘ಫಿಮ್’ ಎಂಬ ಸ್ವಾವಲಂಬನೆಯ ಅಳತೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇದರಲ್ಲಿ 18 ಬಾಬುಗಳು: ದೇಹದ ಕೆಲಸಕ್ಕೆ ಸಂಬಂಧಿಸಿದವು 13, ತಿಳಿವಳಿಕೆ, ಮಾತು, ಜನರೊಡನೆ ವರ್ತನೆ, ಸಮಸ್ಯೆ ಬಿಡಿಸುವುದು, ನೆನಪು ಇವಕ್ಕೆ ಸಂಬಂಧಿಸಿದವು 5. ಒಂದೊಂದಕ್ಕೂ 1ರಿಂದ 7 ಅಂಕ. ಒಟ್ಟು 18ರಿಂದ 126. ಸ್ನಾನವನ್ನೇ ತೆಗೆದುಕೊಳ್ಳೋಣ. ಯಾರ ಸಹಾಯವೂ ಇಲ್ಲದೆ, ಅಪಾಯವಿಲ್ಲದೆ, ತಕ್ಕಷ್ಟು ಹೊತ್ತಿನಲ್ಲಿ ಮಿಂದರೆ 7. ಹಿಡಿಕೆಯ ಆಸರೆ ಬೇಕಾದರೆ ಅಥವಾ ಮಿತಿಮೀರಿ ಹೊತ್ತು ಹಿಡಿದರೆ 6. ಬಳಿಯಲ್ಲಿ ನಿಂತು ಹೇಳುತ್ತಿರಬೇಕಾದರೆ 5. ಮುಕ್ಕಾಲು ಪಾಲು ತಾನೇ ಮಾಡಿ ಉಳಿದುದಕ್ಕೆ ಕೈ ಬೇಕಾದರೆ 4. ಹೀಗೆ ಇಳಿಯುತ್ತಾ ಕಾಲು ಪಾಲೂ ಮಾಡಲಾರದವನಿಗೆ 1. ‘ಪರವಾಗಿಲ್ಲ’, ‘ಸುಮಾರಾಗಿದೆ’ ಎಂಬ ಮಾತುಗಳಿಗೆ ಇಲ್ಲಿ ಎಡೆಯಿಲ್ಲ. ಈ ವಾರದ 4 ಮುಂದಿನ ವಾರ 5 ಆದರೆ, ಬೆನ್ನಿಗೆ ಕೈ ಹಚ್ಚುತ್ತಿದ್ದ ಹೆಂಡತಿ ಈಗ ಬಾಗಿಲ ಬಳಿ ನಿಂತರೆ ಸಾಕು ಎಂದು ಅರ್ಥ.

ಆದರೆ ಈ ಅಳತೆಗೂ ಒಂದು ಮಾಳಿಗೆಯಿದೆ. ಮನೆಯೊಳಗಿನ ಕೆಲಸಗಳಲ್ಲಿ ತುಂಬ ಅಂಕ ಗಳಿಸಿದವನು ಮಾಳಿಗೆಗೆ ತಲೆ ತಾಗಿ ನಿಲ್ಲುತ್ತಾನೆ. ಅದರಿಂದಾಚೆಗೆ ಅವನು ಏರಿದನೆ, ಇಲ್ಲವೆ ಎಂಬುದು ಅದಕ್ಕೆ ಕಾಣದು. ದುಡಿಯುವವನ ನಿಜವಾದ ಪರೀಕ್ಷೆ ಮೊದಲಾಗುವುದು ಅಲ್ಲಿಯೇ.

ಕೆಲಸದ ಒರೆಗಲ್ಲು

ಹೋಟೆಲಿನ ಬೆಳಗಿನ ಗದ್ದಲವನ್ನು ಓದುಗರು ಬಲ್ಲರು. ಸಪ್ಲಾಯರ್ ಒಬ್ಬನು ಆರು ಮೇಜುಗಳ ಬೇಡಿಕೆಯನ್ನು ಬರೆದುಕೊಳ್ಳದೆಯೇ ಹೊತ್ತು, ನಡುವೆ ಬಂದ ಗಿರಾಕಿಯ ಕೂಗಿಗೆ ಓಗೊಟ್ಟು, ಬಿಸಿ ಕಾಫಿಯ ಲೋಟಗಳ ತಟ್ಟೆಯನ್ನು ಜನರ ನಡುವೆ ನುಸುಳಿಸಿ, ಕೊನೆಗೆ ಬಿಲ್ಲಿನ ಮೊತ್ತವನ್ನು ಬಾಯಿಲೆಕ್ಕದಲ್ಲಿ ಹೇಳುತ್ತಾನೆ. ನೋಡುವವರಿಗೆ ಇದು ಕೈಕಾಲಿನ ಕೆಲಸ. ವಾಸ್ತವವಾಗಿ ಇಲ್ಲಿ ತಾತ್ಕಾಲಿಕ ಸ್ಮರಣೆ, ಹಂಚಿದ ಗಮನ, ಚುರುಕು, ಸಂಯಮ ಎಂಬ ಮೆದುಳಿನ ನಾಲ್ಕು ಶಕ್ತಿಗಳು ಏಕಕಾಲದಲ್ಲಿ ದುಡಿಯುತ್ತವೆ. ತಲೆಯ ಪೆಟ್ಟಿಗೆ ಮೊದಲು ಬಲಿಯಾಗುವವೂ ಇವೇ. ಗುಮಾಸ್ತನ ಪಾಡೂ ಇದಕ್ಕಿಂತ ಬೇರೆಯಲ್ಲ. ಅಕ್ಷರ ಓದಬಲ್ಲ, ಅಂಕಿ ಬರೆಯಬಲ್ಲ. ಆದರೆ ನಡುವೆ ದೂರವಾಣಿ ಮೊಳಗಿದರೆ ಲೆಕ್ಕದ ಯಾವ ಸಾಲಿನಲ್ಲಿದ್ದೆನೆಂಬುದು ಮರೆತುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗುತ್ತದೆ. ಬೆಳಗಿನ ಹತ್ತು ಗಂಟೆಗೆ ಶಾಂತವಾದ ಕೊಠಡಿಯಲ್ಲಿ ಅರ್ಧ ಗಂಟೆ ನಡೆಸಿದ ಪರೀಕ್ಷೆಗೆ ಈ ಬಳಲಿಕೆ ಸಿಕ್ಕದೆ ಹೋಗಬಹುದು.

ಅಡುಗೆಯವರ ವಿಷಯದಲ್ಲಿ ಇನ್ನೊಂದು ಮಾತು. ತಲೆಯ ಪೆಟ್ಟಿನಿಂದ ವಾಸನೆಯ ಶಕ್ತಿ ಕುಂದುವುದು ಅಪರೂಪವಲ್ಲ. ಸೀದ ಬೇಳೆಯ ವಾಸನೆಯೂ ಸೋರುವ ಗ್ಯಾಸಿನ ವಾಸನೆಯೂ ತಿಳಿಯದವನು ಒಲೆಯ ಮುಂದೆ ನಿಂತರೆ ಅಪಾಯ ಅವನೊಬ್ಬನಿಗೇ ಅಲ್ಲ. ಆಸ್ಪತ್ರೆಯಲ್ಲಿ ಇದನ್ನು ಯಾರೂ ಕೇಳದಿದ್ದರೆ ಅಡುಗೆಯವನು ತಾನೇ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪೆಟ್ಟಾದವನಿಗೆ ತನ್ನ ಕೊರತೆ ತನಗೇ ಗೋಚರವಾಗದಿರುವುದೂ ಉಂಟು. ‘ನನಗೇನೂ ಆಗಿಲ್ಲ’ ಎಂದು ಅವನು ಹಟ ಹಿಡಿಯುವುದು ಸುಳ್ಳಾಡಲಿಕ್ಕಲ್ಲ. ತನ್ನನ್ನು ತಾನು ಗಮನಿಸುವ ಶಕ್ತಿಗೇ ಪೆಟ್ಟು ಬಿದ್ದಿರುತ್ತದೆ. ಆದುದರಿಂದ ತಜ್ಞರು ರೋಗಿಯ ಮಾತಿನ ಜೊತೆಗೆ ಅವನೊಡನೆ ಬಾಳುವವರ ಮಾತನ್ನೂ ಕೇಳಿ ಹೋಲಿಸುತ್ತಾರೆ. ಹೆಂಡತಿ ಮಕ್ಕಳು ದೂರದ ಊರಿನಲ್ಲಿದ್ದು, ಹೋಟೆಲಿನ ಕೋಣೆಯಲ್ಲಿ ಹತ್ತು ಜನರೊಡನೆ ಮಲಗುವವನಿಗೆ ಆ ಸಾಕ್ಷಿ ಯಾರು? ಜೊತೆಯ ಕೆಲಸಗಾರನೇ. ವೈದ್ಯರ ಬಳಿಗೆ ಹೋಗುವಾಗ ಅವನೂ ಒಂದು ಹೊತ್ತಿನ ರಜೆ ಪಡೆದು ಜೊತೆಗೆ ಹೋಗುವುದು ದೊಡ್ಡ ಉಪಕಾರ.

ಎಷ್ಟು ದಿನ ಕಾಯಬೇಕು?

ಪೆಟ್ಟಿನ ಬಳಿಕ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲದಿರುವ ಕಾಲ ಎಷ್ಟು ದೀರ್ಘವೋ ಪೆಟ್ಟು ಅಷ್ಟು ತೀವ್ರವೆಂದು ಬ್ರಿಟಿಷ್ ವೈದ್ಯ ರಿಚಿ ರಸೆಲ್ 1932ರಲ್ಲಿಯೇ ಸೂಚಿಸಿದ್ದರು. ಬೆಳಗ್ಗೆ ಬಂದ ಅಣ್ಣನೊಡನೆ ಚೆನ್ನಾಗಿಯೇ ಮಾತನಾಡಿದವನು ಸಂಜೆಗೆ ‘ಅಣ್ಣ ಬಂದೇ ಇಲ್ಲ’ ಎಂದರೆ ಆ ಕಾಲ ಇನ್ನೂ ಮುಗಿದಿಲ್ಲ. ಆಗ ಬುದ್ಧಿಶಕ್ತಿಯ ದೀರ್ಘ ಪರೀಕ್ಷೆಗಳನ್ನು ನಡೆಸಿದರೆ ಬರುವ ಅಂಕ ನಂಬಲರ್ಹವಲ್ಲ.

ಮುಂದೆ ಸಾಮಾನ್ಯವಾಗಿ ಮೂರು, ಆರು, ಹನ್ನೆರಡು ತಿಂಗಳುಗಳಿಗೆ ಅಳೆಯುತ್ತಾರೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಬಳಿಕ ನಿಧಾನವಾಗುತ್ತದೆ, ನಿಂತೇ ಹೋಗುತ್ತದೆ ಎಂದಲ್ಲ. ಅಮೆರಿಕದ 18 ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಮಧ್ಯಮ ಪೆಟ್ಟಾದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ, ವರ್ಷ ತುಂಬುವಷ್ಟರಲ್ಲಿ ದಿನಕ್ಕೆ ಎಂಟು ಗಂಟೆಯಾದರೂ ಮನೆಯಲ್ಲಿ ಒಬ್ಬರೇ ಇರಬಲ್ಲ ಸ್ಥಿತಿಗೆ ಅಥವಾ ಅದಕ್ಕಿಂತ ಮೇಲಕ್ಕೆ ಬಂದಿದ್ದರು. ಎರಡನೆಯ ವಾರದಲ್ಲಿ ಅಂತಹ ಸ್ಥಿತಿಯಲ್ಲಿದ್ದವರು ಇದಕ್ಕಿಂತ ಬಹಳ ಕಡಿಮೆ ಮಂದಿ. ಎರಡು ವಾರದ ಅಳತೆಯಿಂದ ಭವಿಷ್ಯವನ್ನು ನುಡಿದು ಆಸೆ ಬಿಡುವುದು ಯುಕ್ತವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಯಾವ ಭಾಷೆಯಲ್ಲಿ ಅಳೆದರು?

ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯವಿದು. ಹತ್ತು ಪದಗಳನ್ನು ಕೇಳಿ ನೆನಪಿನಿಂದ ಹೇಳುವುದು, ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳುವುದು, ಇಂತಹ ಪರೀಕ್ಷೆಗಳನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ತಮಿಳಿನಲ್ಲಿಯೋ ನಡೆಸಿದರೆ, ಕನ್ನಡದಲ್ಲಿ ಯೋಚಿಸುವವನ ಅಂಕ ಕಡಿಮೆ ಬರಬಹುದು. ಅದು ಮೆದುಳಿನ ದೋಷವೋ ಭಾಷೆಯ ತೊಡಕೋ ಎಂಬುದು ಕಾಗದದ ಮೇಲಿನ ಅಂಕದಿಂದ ತಿಳಿಯದು. ಶಾಲೆಯ ಓದಿನ ಮಟ್ಟದಿಂದಲೂ ಅಂಕದಲ್ಲಿ ವ್ಯತ್ಯಾಸ ಬೀಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2004ರಲ್ಲಿ ಹೊರತಂದ ಪರೀಕ್ಷಾಮಾಲೆ ಇದಕ್ಕಾಗಿಯೇ ವಯಸ್ಸು, ವಿದ್ಯೆ, ಸ್ತ್ರೀಪುರುಷ ಭೇದಗಳಿಗನುಗುಣವಾಗಿ ಭಾರತೀಯರ ಸಾಮಾನ್ಯ ಮಟ್ಟವನ್ನು ಗೊತ್ತುಪಡಿಸಿತು. ‘ನನ್ನ ಭಾಷೆ ಕನ್ನಡ, ಓದಿದ್ದು ಇಷ್ಟು’ ಎಂದು ಮೊದಲೇ ಹೇಳಿ, ಸಾಧ್ಯವಾದರೆ ಕನ್ನಡದಲ್ಲಿ ಪರೀಕ್ಷಿಸುವಂತೆ, ಇಲ್ಲವಾದರೆ ಆ ಸಂಗತಿಯನ್ನು ವರದಿಯಲ್ಲಿ ನಮೂದಿಸುವಂತೆ ಕೇಳಿಕೊಳ್ಳಬೇಕು. ಪುನಶ್ಚೇತನ ಚಿಕಿತ್ಸೆಗೆ ನಿಮ್ಹಾನ್ಸ್ ಅಲ್ಲದೆ, ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಸಂಸ್ಥೆಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಹೆಸರಾಗಿವೆ.

ನ್ಯಾಯಾಲಯದ ತಕ್ಕಡಿ

ಅಪಘಾತದ ಪರಿಹಾರ ಕೇಳುವಾಗಲೂ ಅಳತೆಯ ಪ್ರಶ್ನೆ ಏಳುತ್ತದೆ. 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮೋಟಾರು ಅಪಘಾತದ ಮೊಕದ್ದಮೆಯೊಂದರಲ್ಲಿ ಇದನ್ನು ಸ್ಪಷ್ಟಪಡಿಸಿತು. ವೈದ್ಯರು ಹೇಳುವ ವೈಕಲ್ಯದ ಶೇಕಡಾ ಪ್ರಮಾಣವೂ ಗಳಿಕೆಯ ಶಕ್ತಿಯಲ್ಲಾದ ನಷ್ಟದ ಪ್ರಮಾಣವೂ ಒಂದೇ ಅಲ್ಲ. ಎಡಗೈ ಕಳೆದುಕೊಂಡವನು ಡ್ರೈವರನೋ ಬಡಗಿಯೋ ಆಗಿದ್ದರೆ ಅವನ ಗಳಿಕೆ ಬಹುತೇಕ ಪೂರ್ತಿ ನಷ್ಟವಾಗಬಹುದು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವನ್ನು ಮುಂದುವರಿಸಬಹುದು ಎಂಬುದು ಅಲ್ಲಿ ಕೊಟ್ಟ ಉದಾಹರಣೆ. ತಲೆಯ ಪೆಟ್ಟಿನಲ್ಲಿ ಇದು ತಿರುವುಮುರುವಾಗಬಹುದೆಂಬುದನ್ನು ನಾವು ಸೇರಿಸಬಯಸುತ್ತೇವೆ. ಕೈಕಾಲು ಸರಿಯಿದ್ದು ನೆನಪು ಕೆಟ್ಟ ಗುಮಾಸ್ತನಿಗೇ ನಷ್ಟ ಹೆಚ್ಚು. ಹೊರಗೆ ಕಾಣದ ಈ ನಷ್ಟವನ್ನು ತೋರಿಸಬಲ್ಲುದು ಕ್ರಮವಾಗಿ ನಡೆಸಿದ ಪರೀಕ್ಷೆಯ ಕಾಗದವೊಂದೇ. ಆದುದರಿಂದ ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯಬಾರದು.

ಮನೆಯವರೂ ಯಜಮಾನರೂ ಮಾಡಬೇಕಾದುದು

ಕೊನೆಯದಾಗಿ ಕೆಲವು ಸೂಚನೆಗಳು. ಪೆಟ್ಟಿಗೆ ಮೊದಲು ಅವನು ಏನೇನು ಕೆಲಸ ಮಾಡುತ್ತಿದ್ದನು, ಎಷ್ಟು ಹೊತ್ತು, ಯಾರ ನೆರವಿನಿಂದ ಎಂಬುದನ್ನು ಒಂದು ಪುಸ್ತಕದಲ್ಲಿ ಮೊದಲು ಬರೆದಿಡಬೇಕು. ಎಲ್ಲ ಅಳತೆಗೂ ಅದೇ ಮೂಲ. ಬಳಿಕ ವಾರಕ್ಕೊಮ್ಮೆ ಐದಾರು ಕೆಲಸಗಳನ್ನು ಮಾತ್ರ ಆರಿಸಿಕೊಂಡು ನೋಡಬೇಕು: ಸ್ನಾನ, ಔಷಧಿಯನ್ನು ಹೊತ್ತಿಗೆ ಸರಿಯಾಗಿ ತಾನೇ ತೆಗೆದುಕೊಳ್ಳುವುದು, ಅಂಗಡಿಯಿಂದ ನಾಲ್ಕು ಸಾಮಾನು ತಂದು ಚಿಲ್ಲರೆ ಎಣಿಸುವುದು, ಬಸ್ಸು ಹಿಡಿದು ಹೋಗಿ ಬರುವುದು. ತಾನೇ ಮಾಡಿದನೆ, ಹೇಳಿಸಿಕೊಂಡು ಮಾಡಿದನೆ, ಕೈ ಹಿಡಿದು ಮಾಡಿಸಬೇಕಾಯಿತೆ ಎಂದು ಒಂದು ಸಾಲು ಬರೆದರೆ ಸಾಕು. ಬೆಳಗ್ಗೆ ಹೇಗೆ, ಸಂಜೆ ಹೇಗೆ ಎಂಬುದನ್ನೂ ಬರೆಯಬೇಕು. ವೈದ್ಯರ ಐದು ನಿಮಿಷಗಳ ಭೇಟಿಯಲ್ಲಿ ಈ ಪುಸ್ತಕ ಆಡುವ ಮಾತು ಬೇರಾರೂ ಆಡಲಾರರು.

ಕೆಲಸಕ್ಕೆ ಮರಳುವುದೂ ಮೆಟ್ಟಿಲು ಮೆಟ್ಟಿಲಾಗಿಯೇ ಆಗಬೇಕು. ವೈದ್ಯರ ಸಮ್ಮತಿ ಪಡೆದು ಮೊದಲು ದಿನಕ್ಕೆ ಎರಡು ಗಂಟೆ, ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ, ಎರಡೇ ಮೇಜು. ಬೇಡಿಕೆಯನ್ನು ಬರೆದುಕೊಳ್ಳಲು ಒಂದು ಚೀಟಿ. ಅದು ಸಲೀಸಾದ ಮೇಲೆ ಮೂರನೆಯ ಮೇಜು. ಗುಮಾಸ್ತನಿಗೆ ಮೊದಲು ಒಂದೇ ಲೆಡ್ಜರು, ದೂರವಾಣಿಯಿಂದ ದೂರವಾದ ಕುರ್ಚಿ. ಇದಕ್ಕೆ ಯಜಮಾನರಿಗೆ ತಗಲುವ ಖರ್ಚು ಅಲ್ಪ, ಬೇಕಾದುದು ತಾಳ್ಮೆ. ಊರಿನವನೆಂಬ ವಿಶ್ವಾಸದಿಂದ ಕರೆತಂದು ಕೆಲಸ ಕಲಿಸಿದ ನಮ್ಮ ಹೋಟೆಲು ಯಜಮಾನರಿಗೆ ಆ ತಾಳ್ಮೆ ಹೊಸದಲ್ಲ. ಹೊರನಾಡಿನ ಕನ್ನಡ ಸಂಘಗಳೂ ಇಂತಹವರನ್ನು ಆಸ್ಪತ್ರೆಗೆ ಕರೆದೊಯ್ಯಲು, ಪರೀಕ್ಷೆಯ ವೇಳೆ ಕನ್ನಡದಲ್ಲಿ ತಿಳಿಹೇಳಲು ಒಬ್ಬಿಬ್ಬರು ಸದಸ್ಯರನ್ನು ಗೊತ್ತುಮಾಡಿದರೆ ಮಹದುಪಕಾರವಾದೀತು. ಮುಂದಿನ ಸಲ ಇಂತಹ ಒಬ್ಬನನ್ನು ಕಂಡಾಗ ‘ಗುಣವಾಯಿತೆ?’ ಎಂದು ಕೇಳುವುದರ ಜೊತೆಗೆ ‘ಈಗ ಯಾವ ಕೆಲಸ ನಿನ್ನಿಂದ ಆಗುತ್ತದೆ, ಯಾವುದಕ್ಕೆ ಕೈ ಬೇಕು?’ ಎಂದೂ ನಮ್ಮ ಓದುಗರು ಕೇಳುವರೆಂದು ನಾವು ನಂಬುತ್ತೇವೆ.